2025ರ ರಾತ್ರಿ ಆಕಾಶ: ಪರೀಕ್ಷೆಗೆ ಬೇಕಾದ ಮುಖ್ಯಾಂಶಗಳು

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಖಗೋಳ ಘಟನೆಗಳನ್ನು ದಿನಾಂಕಗಳ ಪಟ್ಟಿ ಮಾಡಿಕೊಂಡು ಬಾಯಿಪಾಠ ಮಾಡುತ್ತಾರೆ. ಹಾಗೆ ಕಲಿತದ್ದು ಪರೀಕ್ಷೆಯ ಹಿಂದಿನ ರಾತ್ರಿಯೇ ಕಲಸಿಹೋಗುತ್ತದೆ. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳನ್ನು ಗುರುತಿಸಿಕೊಂಡರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಈ ಟಿಪ್ಪಣಿ ಆ ದಾರಿಯಲ್ಲೇ ಸಾಗುತ್ತದೆ. ಪ್ರತಿ ಘಟನೆಗೂ ಮೂರು ಪ್ರಶ್ನೆ ಹಾಕಿಕೊಳ್ಳಿ: ಸೂರ್ಯ, ಭೂಮಿ, ಚಂದ್ರ, ಗ್ರಹ ಇವುಗಳಲ್ಲಿ ಯಾವುದು ಯಾವುದರ ನಡುವೆ ಬಂತು? ಅದು ಕರ್ನಾಟಕದಿಂದ ಕಂಡಿತೇ? ಕಾಣದಿದ್ದರೆ ಏಕೆ?

ಒಂದೇ ನೋಟದಲ್ಲಿ 2025

- ಜನವರಿ 3-4: ಕ್ವಾಡ್ರಾಂಟಿಡ್ ಉಲ್ಕಾಪಾತ
- ಜನವರಿ 16: ಮಂಗಳ ಸೂರ್ಯನಿಗೆ ಎದುರು
- ಜನವರಿ-ಫೆಬ್ರವರಿ: ಸಂಜೆ ಆಕಾಶದಲ್ಲಿ ಗ್ರಹಗಳ ಸಾಲು
- ಮಾರ್ಚ್ 14: ಖಗ್ರಾಸ ಚಂದ್ರಗ್ರಹಣ (ಭಾರತಕ್ಕೆ ಕಾಣಲಿಲ್ಲ)
- ಮಾರ್ಚ್ 23: ಶನಿಯ ಬಳೆಗಳು ಭೂಮಿಗೆ ಅಂಚು ತೋರಿಸಿದ ದಿನ
- ಮಾರ್ಚ್ 29: ಪಾರ್ಶ್ವ ಸೂರ್ಯಗ್ರಹಣ (ಭಾರತಕ್ಕೆ ಕಾಣಲಿಲ್ಲ)
- ಆಗಸ್ಟ್ 12: ಶುಕ್ರ-ಗುರು ಯುತಿ, ಪರ್ಸೀಡ್ ಉಲ್ಕಾಪಾತ
- ಸೆಪ್ಟೆಂಬರ್ 7-8: ಖಗ್ರಾಸ ಚಂದ್ರಗ್ರಹಣ (ಇಡೀ ಭಾರತಕ್ಕೆ ಕಂಡಿತು)
- ಸೆಪ್ಟೆಂಬರ್ 21: ಶನಿ ಸೂರ್ಯನಿಗೆ ಎದುರು, ಅದೇ ದಿನ ಪಾರ್ಶ್ವ ಸೂರ್ಯಗ್ರಹಣ (ಭಾರತಕ್ಕೆ ಕಾಣಲಿಲ್ಲ)
- ಅಕ್ಟೋಬರ್ 7, ನವೆಂಬರ್ 5, ಡಿಸೆಂಬರ್ 4-5: ಸೂಪರ್‌ಮೂನ್
- ಡಿಸೆಂಬರ್ 13-14: ಜೆಮಿನಿಡ್ ಉಲ್ಕಾಪಾತ

1. ನಾಲ್ಕು ಗ್ರಹಣ, ಎರಡು ಜೋಡಿ

ಮೂಲ ಸೂತ್ರ: ಚಂದ್ರಗ್ರಹಣ ಹುಣ್ಣಿಮೆಯಂದು ಮಾತ್ರ, ಸೂರ್ಯಗ್ರಹಣ ಅಮಾವಾಸ್ಯೆಯಂದು ಮಾತ್ರ. ಚಂದ್ರನ ಕಕ್ಷೆ ಭೂಮಿಯ ಕಕ್ಷೆಗೆ ಸುಮಾರು 5 ಡಿಗ್ರಿ ವಾಲಿಕೊಂಡಿದೆ. ಆದ್ದರಿಂದ ಎಲ್ಲ ಹುಣ್ಣಿಮೆಗೂ ಗ್ರಹಣವಿಲ್ಲ. ಎರಡೂ ಕಕ್ಷೆಗಳು ಒಂದನ್ನೊಂದು ದಾಟುವ ಬಿಂದುಗಳಿಗೆ ರಾಹು, ಕೇತು ಎಂದು ಹೆಸರು. ಆ ಬಿಂದುಗಳ ಹತ್ತಿರ ಹುಣ್ಣಿಮೆ ಅಥವಾ ಅಮಾವಾಸ್ಯೆ ಬಿದ್ದಾಗ ಗ್ರಹಣ. ಇಂಥ ಗ್ರಹಣ ಕಾಲ ಸುಮಾರು ಆರು ತಿಂಗಳಿಗೊಮ್ಮೆ ಬರುತ್ತದೆ, ಬಂದಾಗ ಎರಡು ವಾರದ ಅಂತರದಲ್ಲಿ ಕನಿಷ್ಠ ಎರಡು ಗ್ರಹಣ ತರುತ್ತದೆ. 2025ರ ಲೆಕ್ಕ ಇದಕ್ಕೆ ಸರಿಯಾಗಿ ಕೂರುತ್ತದೆ.

ಮೊದಲ ಜೋಡಿ, ಮಾರ್ಚ್:

- ಮಾರ್ಚ್ 14, ಹೋಳಿ ಹುಣ್ಣಿಮೆ: ಖಗ್ರಾಸ ಚಂದ್ರಗ್ರಹಣ. ಪೂರ್ಣ ಹಂತ 65 ನಿಮಿಷ. ಅಮೆರಿಕ ಖಂಡಗಳಲ್ಲಿ ಚೆನ್ನಾಗಿ ಕಂಡಿತು. ನಮಗೆ ಆಗ ನಡುಹಗಲು, ಚಂದ್ರ ದಿಗಂತದ ಕೆಳಗಿದ್ದ.
- ಅದೇ ಹೊತ್ತಿಗೆ ಚಂದ್ರನ ಮೇಲಿದ್ದ ಬ್ಲೂ ಘೋಸ್ಟ್ ನೌಕೆ ಅಲ್ಲಿಂದ ಸೂರ್ಯಗ್ರಹಣದ ಚಿತ್ರ ತೆಗೆಯಿತು. ಇದು ಅಮೆರಿಕದ ಫೈರ್‌ಫ್ಲೈ ಏರೋಸ್ಪೇಸ್ ಕಂಪನಿಯ ನೌಕೆ, ಚಂದ್ರನ ಮೇಲೆ ಇಳಿದದ್ದು 2025ರ ಮಾರ್ಚ್ 2. ಭೂಮಿಯಿಂದ ಚಂದ್ರಗ್ರಹಣವಾಗಿ ಕಾಣುವುದು ಚಂದ್ರನಿಂದ ಸೂರ್ಯಗ್ರಹಣವಾಗಿ ಕಾಣುತ್ತದೆ.
- ಮಾರ್ಚ್ 29, ಯುಗಾದಿಯ ಹಿಂದಿನ ದಿನದ ಅಮಾವಾಸ್ಯೆ: ಪಾರ್ಶ್ವ ಸೂರ್ಯಗ್ರಹಣ. ಯುರೋಪ್, ವಾಯವ್ಯ ಆಫ್ರಿಕ, ಉತ್ತರ ಅಮೆರಿಕದ ಈಶಾನ್ಯ ಭಾಗಕ್ಕೆ ಕಂಡಿತು. ನಮ್ಮಲ್ಲಿ ಹಗಲೇ ಇದ್ದರೂ ಚಂದ್ರನ ನೆರಳು ಬಹಳ ಉತ್ತರಕ್ಕೆ ಹಾದುಹೋಯಿತು.

ಎರಡನೆಯ ಜೋಡಿ, ಸೆಪ್ಟೆಂಬರ್:

- ಸೆಪ್ಟೆಂಬರ್ 7-8, ಭಾದ್ರಪದ ಹುಣ್ಣಿಮೆ: ಖಗ್ರಾಸ ಚಂದ್ರಗ್ರಹಣ. ವರ್ಷದ ಅತಿ ಮುಖ್ಯ ಘಟನೆ ಇದು.
- ಸೆಪ್ಟೆಂಬರ್ 21, ಮಹಾಲಯ ಅಮಾವಾಸ್ಯೆ: ಪಾರ್ಶ್ವ ಸೂರ್ಯಗ್ರಹಣ. ನ್ಯೂಜಿಲೆಂಡ್, ದಕ್ಷಿಣ ಪೆಸಿಫಿಕ್, ಅಂಟಾರ್ಕ್ಟಿಕಗಳಿಗೆ ಕಂಡಿತು. ನಮಗೆ ಆಗ ರಾತ್ರಿ.

ಸೆಪ್ಟೆಂಬರ್ 7ರ ಗ್ರಹಣದ ವೇಳೆ (ಭಾರತೀಯ ಕಾಲಮಾನ):

- ಅರೆನೆರಳಿಗೆ ಪ್ರವೇಶ: ರಾತ್ರಿ 8.58
- ದಟ್ಟ ನೆರಳಿಗೆ ಪ್ರವೇಶ: 9.57
- ಪೂರ್ಣ ಗ್ರಹಣ ಆರಂಭ: 11.01
- ಪೂರ್ಣ ಗ್ರಹಣ ಮುಕ್ತಾಯ: 12.23
- ದಟ್ಟ ನೆರಳಿನಿಂದ ಬಿಡುಗಡೆ: 1.26
- ಅರೆನೆರಳಿನಿಂದ ಬಿಡುಗಡೆ: ನಸುಕಿನ 2.25

ಪೂರ್ಣ ಹಂತ 82 ನಿಮಿಷ. ಆರಂಭದಿಂದ ಕೊನೆಯವರೆಗೆ ಇಡೀ ಭಾರತಕ್ಕೆ ಕಾಣುವಂಥ ಖಗ್ರಾಸ ಚಂದ್ರಗ್ರಹಣ 2018ರ ಜುಲೈ 27ರ ನಂತರ ಇದೇ ಮೊದಲು.

ಚಂದ್ರ ಕೆಂಪಾಗುವುದೇಕೆ? ಭೂಮಿ ಅಡ್ಡ ಬಂದರೂ ಅದರ ವಾಯುಮಂಡಲದ ಅಂಚಿನಿಂದ ಸ್ವಲ್ಪ ಬೆಳಕು ಬಾಗಿ ಚಂದ್ರನನ್ನು ತಲುಪುತ್ತದೆ. ದಾರಿಯಲ್ಲಿ ನೀಲಿ ಬೆಳಕು ಚದುರಿಹೋಗುತ್ತದೆ, ಕೆಂಪು ಉಳಿಯುತ್ತದೆ. ಇದಕ್ಕೆ ರ‍್ಯಾಲೇ ಚದುರಿಕೆ ಎನ್ನುತ್ತಾರೆ. ಮುಳುಗುವ ಸೂರ್ಯ ಕೆಂಪಾಗುವುದೂ ಇದೇ ಕಾರಣಕ್ಕೆ. ಗ್ರಹಣದ ಹೊತ್ತಿನಲ್ಲಿ ಭೂಮಿಯ ಸುತ್ತಲಿನ ಎಲ್ಲ ಸೂರ್ಯೋದಯ, ಸೂರ್ಯಾಸ್ತಗಳ ಬೆಳಕು ಒಟ್ಟಾಗಿ ಚಂದ್ರನ ಮೇಲೆ ಬೀಳುತ್ತಿರುತ್ತದೆ ಎಂದು ಕಲ್ಪಿಸಿಕೊಂಡರೆ ಮತ್ತೆ ಮರೆಯುವುದಿಲ್ಲ.

ನೆನಪಿಡಿ: ಚಂದ್ರಗ್ರಹಣವನ್ನು ಬರಿಗಣ್ಣಿನಿಂದ ನೋಡಬಹುದು, ಯಾವ ಅಪಾಯವೂ ಇಲ್ಲ. ಸೂರ್ಯಗ್ರಹಣಕ್ಕೆ ಸೌರ ಕನ್ನಡಕ ಕಡ್ಡಾಯ.

ಸಾರೋಸ್ ಚಕ್ರ: 18 ವರ್ಷ, 11 ದಿನ (ನಡುವೆ ಐದು ಅಧಿಕ ವರ್ಷ ಬಂದರೆ 10 ದಿನ), ಸುಮಾರು 8 ಗಂಟೆ ಕಳೆದರೆ ಅದೇ ಬಗೆಯ ಗ್ರಹಣ ಮರುಕಳಿಸುತ್ತದೆ. 2007ರ ಆಗಸ್ಟ್ 28ರ ಖಗ್ರಾಸ ಚಂದ್ರಗ್ರಹಣಕ್ಕೆ ಇಷ್ಟು ಕಾಲ (ಇಲ್ಲಿ 10 ದಿನದ ಲೆಕ್ಕ) ಕೂಡಿಸಿ ನೋಡಿ, 2025ರ ಸೆಪ್ಟೆಂಬರ್ 7ರ ಗ್ರಹಣಕ್ಕೆ ಬಂದು ನಿಲ್ಲುತ್ತೀರಿ.

2. ಮೂರು ಸೂಪರ್‌ಮೂನ್: ಸೀಗೆ, ಗೌರಿ, ಹೊಸ್ತಿಲು

ಚಂದ್ರನ ಕಕ್ಷೆ ದೀರ್ಘವೃತ್ತ. ಭೂಮಿಯಿಂದ ಚಂದ್ರನ ಸರಾಸರಿ ದೂರ 3,84,400 ಕಿ.ಮೀ. ಚಂದ್ರ ಭೂಮಿಗೆ ಅತಿ ಸಮೀಪ ಬರುವ ಬಿಂದುವಿನ ಆಸುಪಾಸಿನಲ್ಲಿ ಹುಣ್ಣಿಮೆಯಾದರೆ ಅದು ಸೂಪರ್‌ಮೂನ್. ಈ ಪದವನ್ನು 1979ರಲ್ಲಿ ಬಳಕೆಗೆ ತಂದವರು ರಿಚರ್ಡ್ ನೋಲ್.

2025ರ ಕೊನೆಯ ಮೂರು ಹುಣ್ಣಿಮೆಗಳೂ ಸೂಪರ್‌ಮೂನ್ ಆದವು. ನಮ್ಮ ಹಳ್ಳಿಗಳ ಹುಣ್ಣಿಮೆ ಹೆಸರುಗಳನ್ನು ಹಿಡಿದರೆ ಮೂರೂ ಸಾಲಾಗಿ ನೆನಪಿಗೆ ಬರುತ್ತವೆ:

- ಸೀಗೆ ಹುಣ್ಣಿಮೆ (ಆಶ್ವಯುಜ): ಅಕ್ಟೋಬರ್ 7
- ಗೌರಿ ಹುಣ್ಣಿಮೆ (ಕಾರ್ತಿಕ): ನವೆಂಬರ್ 5. ವರ್ಷದ ಅತಿ ಸಮೀಪದ ಹುಣ್ಣಿಮೆ ಚಂದ್ರ, ದೂರ ಸುಮಾರು 3,57,000 ಕಿ.ಮೀ.
- ಹೊಸ್ತಿಲ ಹುಣ್ಣಿಮೆ (ಮಾರ್ಗಶಿರ): ಡಿಸೆಂಬರ್ 4ರ ರಾತ್ರಿ. ಹುಣ್ಣಿಮೆಯ ಕ್ಷಣ ಭಾರತದಲ್ಲಿ 5ರ ನಸುಕಿಗೆ ಬಂತು.

ಅತಿ ದೂರದ ಹುಣ್ಣಿಮೆಗೆ ಹೋಲಿಸಿದರೆ ಸೂಪರ್‌ಮೂನ್ ಶೇ 14ರವರೆಗೆ ದೊಡ್ಡದಾಗಿ, ಶೇ 30ರವರೆಗೆ ಹೆಚ್ಚು ಪ್ರಕಾಶವಾಗಿ ಕಾಣಬಹುದು. ಮೂಡುವಾಗ ಚಂದ್ರ ಇನ್ನೂ ದೊಡ್ಡದೆನಿಸುವುದು ಮಾತ್ರ ಕಣ್ಣಿನ ಭ್ರಮೆ. ಅದಕ್ಕೂ ದೂರಕ್ಕೂ ಸಂಬಂಧವಿಲ್ಲ.

3. ಗ್ರಹಗಳು ಎಲ್ಲಿದ್ದವು?

ಎರಡು ಪದ ಮೊದಲು. ಯುತಿ ಎಂದರೆ ಎರಡು ಆಕಾಶಕಾಯಗಳು ನಮ್ಮ ನೋಟಕ್ಕೆ ಪಕ್ಕಪಕ್ಕ ಬರುವುದು. ವಿಯುತಿ ಎಂದರೆ ಗ್ರಹವೊಂದು ಭೂಮಿಯಿಂದ ನೋಡಿದಾಗ ಸೂರ್ಯನಿಗೆ ನೇರ ಎದುರು ದಿಕ್ಕಿನಲ್ಲಿರುವುದು. ವಿಯುತಿಯ ಗ್ರಹ ಹುಣ್ಣಿಮೆ ಚಂದ್ರನಂತೆಯೇ ಸೂರ್ಯ ಮುಳುಗುವಾಗ ಮೂಡಿ, ರಾತ್ರಿಯಿಡೀ ಇದ್ದು, ಸೂರ್ಯ ಹುಟ್ಟುವಾಗ ಮುಳುಗುತ್ತದೆ. ಬುಧ, ಶುಕ್ರಗಳು ಭೂಮಿಯ ಕಕ್ಷೆಯೊಳಗಿವೆ, ಅವಕ್ಕೆ ವಿಯುತಿ ಇಲ್ಲವೇ ಇಲ್ಲ. ಪ್ರಶ್ನೆಪತ್ರಿಕೆ ಎಡವಿಸುವ ಜಾಗ ಇದು.

- ಮಂಗಳ: ವಿಯುತಿ ಜನವರಿ 16. ಭೂಮಿಗೆ ಅತಿ ಸಮೀಪ ಬಂದದ್ದು ಜನವರಿ 12, ದೂರ ಸುಮಾರು 9.6 ಕೋಟಿ ಕಿ.ಮೀ. ಮಂಗಳನ ವಿಯುತಿ ಸುಮಾರು 26 ತಿಂಗಳಿಗೊಮ್ಮೆ. ಮುಂದಿನದು 2027ರ ಫೆಬ್ರವರಿ. ಜನವರಿ 13ರ ಬನದ ಹುಣ್ಣಿಮೆಯ ಚಂದ್ರನ ಹತ್ತಿರವೇ ಮಂಗಳ ಇದ್ದದ್ದು ಆಕಸ್ಮಿಕವಲ್ಲ, ಆ ಹೊತ್ತಿಗೆ ಎರಡೂ ಸೂರ್ಯನಿಗೆ ಎದುರು ದಿಕ್ಕಿನಲ್ಲೇ ಇದ್ದವು.
- ಗುರು: 2025ರಲ್ಲಿ ಗುರುವಿಗೆ ವಿಯುತಿ ಇಲ್ಲ. ಹಿಂದಿನದು 2024ರ ಡಿಸೆಂಬರ್ 7, ಮುಂದಿನದು 2026ರ ಜನವರಿ 10. ಎರಡರ ನಡುವಿನ ಅಂತರ ಸುಮಾರು 13 ತಿಂಗಳಾದ್ದರಿಂದ ನಡುವಿನ ವರ್ಷ ಖಾಲಿ ಉಳಿಯಿತು. ಗುರು ಸೂರ್ಯನನ್ನು ಸುತ್ತಲು 11.86 ವರ್ಷ ಬೇಕು. ಪ್ರಯಾಗದ ಕುಂಭಮೇಳ (2025ರ ಜನವರಿ 13ರಿಂದ ಫೆಬ್ರವರಿ 26) ಹನ್ನೆರಡು ವರ್ಷಕ್ಕೊಮ್ಮೆ ಬರುವ ಲೆಕ್ಕ ಗುರುವಿನ ಈ ಓಟದಿಂದಲೇ ಬಂದದ್ದು.
- ಶನಿ: ವಿಯುತಿ ಸೆಪ್ಟೆಂಬರ್ 21. ಮಾರ್ಚ್ 23ರಂದು ಭೂಮಿ ಶನಿಯ ಬಳೆಗಳ ಸಮತಲವನ್ನು ದಾಟಿತು. ಬಳೆಗಳು ಬಹಳ ತೆಳು, ಅಂಚಿನಿಂದ ನೋಡಿದಾಗ ಇಲ್ಲವೇನೋ ಎನಿಸುತ್ತವೆ. ಅಂದು ಶನಿ ಸೂರ್ಯನ ಸಮೀಪವಿದ್ದುದರಿಂದ ನೋಡುವುದು ಕಷ್ಟವಾಯಿತು. ಹಿಂದೆ ಹೀಗಾದದ್ದು 2009ರಲ್ಲಿ, ಮುಂದೆ 2038ರಲ್ಲಿ.
- ಶನಿಯ ಚಂದ್ರರು: 2025ರ ಮಾರ್ಚ್‌ನಲ್ಲಿ 128 ಹೊಸ ಚಂದ್ರರಿಗೆ ಮಾನ್ಯತೆ ದೊರೆತು ಒಟ್ಟು ಸಂಖ್ಯೆ 274ಕ್ಕೆ ಏರಿತು. ಅತಿ ಹೆಚ್ಚು ಚಂದ್ರರಿರುವ ಗ್ರಹ ಶನಿ.
- ಶುಕ್ರ: ಜನವರಿ 10ರಂದು ಸಂಜೆಯ ಆಕಾಶದಲ್ಲಿ ಸೂರ್ಯನಿಂದ ಗರಿಷ್ಠ ದೂರ, 47 ಡಿಗ್ರಿ. ಫೆಬ್ರವರಿ ನಡುವಿನಲ್ಲಿ ಅತಿ ಪ್ರಕಾಶ. ಮಾರ್ಚ್ 23ರಂದು ಭೂಮಿ, ಸೂರ್ಯರ ನಡುವೆ ಹಾದು ಮುಂಜಾವಿನ ಆಕಾಶಕ್ಕೆ ಬಂತು. ನಮ್ಮ ಹಿರಿಯರು ಬೆಳ್ಳಿ ಮೂಡಿತು ಎನ್ನುತ್ತಿದ್ದದ್ದು ಈ ಚುಕ್ಕಿಯನ್ನು ನೋಡಿಯೇ.
- ಶುಕ್ರ-ಗುರು ಯುತಿ: ಆಗಸ್ಟ್ 12ರ ನಸುಕು, ಮಿಥುನ ರಾಶಿ. ನಡುವಿನ ಅಂತರ ಸುಮಾರು 1 ಡಿಗ್ರಿ. ಕೈ ಚಾಚಿ ಹಿಡಿದ ಕಿರುಬೆರಳಿನ ಅಗಲ ಅಷ್ಟೇ ಇರುತ್ತದೆ.
- ಯುರೇನಸ್: ವಿಯುತಿ ನವೆಂಬರ್ 21, ವೃಷಭ ರಾಶಿಯಲ್ಲಿ ಕೃತ್ತಿಕೆಯ ಸಮೀಪ. ಜೇಮ್ಸ್ ವೆಬ್ ದೂರದರ್ಶಕದ ಚಿತ್ರಗಳಲ್ಲಿ ಸಿಕ್ಕ ಹೊಸ ಚಂದ್ರನನ್ನು ಆಗಸ್ಟ್‌ನಲ್ಲಿ ಪ್ರಕಟಿಸಿದ ಮೇಲೆ ಇದರ ಚಂದ್ರರ ಸಂಖ್ಯೆ 29.
- ನೆಪ್ಚೂನ್: ವಿಯುತಿ ಸೆಪ್ಟೆಂಬರ್ 23. ಬರಿಗಣ್ಣಿಗೆ ಕಾಣದು.

ಗ್ರಹಗಳ ಸಾಲು: ಜನವರಿ, ಫೆಬ್ರವರಿಗಳಲ್ಲಿ ಶುಕ್ರ, ಶನಿ, ಗುರು, ಮಂಗಳ ಒಂದೇ ಸಂಜೆಯಲ್ಲಿ ಬರಿಗಣ್ಣಿಗೆ ಕಂಡವು. ಯುರೇನಸ್, ನೆಪ್ಚೂನ್‌ಗಳಿಗೆ ದೂರದರ್ಶಕ ಬೇಕಾಯಿತು. ಫೆಬ್ರವರಿ ಕೊನೆಗೆ ಬುಧನೂ ಸೇರಿ ಏಳಾದವು. ಇವು ಬಾಹ್ಯಾಕಾಶದಲ್ಲಿ ಸರಳರೇಖೆಯಲ್ಲಿ ನಿಂತಿರಲಿಲ್ಲ. ಎಲ್ಲ ಗ್ರಹಗಳೂ ಹೆಚ್ಚುಕಡಿಮೆ ಒಂದೇ ಸಮತಲದಲ್ಲಿ ಸೂರ್ಯನನ್ನು ಸುತ್ತುವುದರಿಂದ ಆಕಾಶದಲ್ಲಿ ಸೂರ್ಯ ಸಾಗುವ ಹಾದಿಯ ಗುಂಟ, ಅಂದರೆ ಕ್ರಾಂತಿವೃತ್ತದ ಗುಂಟ ಕಾಣುತ್ತವೆ.

4. ಉಲ್ಕಾಪಾತ: ಚಂದ್ರ ಬಿಟ್ಟರೆ ಉಂಟು

ಧೂಮಕೇತು ತನ್ನ ಹಾದಿಯಲ್ಲಿ ಚೆಲ್ಲಿಹೋದ ದೂಳಿನ ನಡುವೆ ಭೂಮಿ ಪ್ರತಿವರ್ಷ ಅದೇ ದಿನಗಳಲ್ಲಿ ಹಾದುಹೋಗುತ್ತದೆ. ಕಣಗಳು ವಾಯುಮಂಡಲದಲ್ಲಿ ಉರಿಯುತ್ತವೆ. ಉಲ್ಕೆಗಳು ಯಾವ ನಕ್ಷತ್ರಪುಂಜದ ಕಡೆಯಿಂದ ಹೊರಟಂತೆ ಕಾಣುತ್ತವೆಯೋ ಅದರ ಹೆಸರು ಉಲ್ಕಾಪಾತಕ್ಕೆ. ದಿನಾಂಕ ಪ್ರತಿವರ್ಷ ಹೆಚ್ಚುಕಡಿಮೆ ಒಂದೇ, ಚಂದ್ರನ ಬೆಳಕು ಮಾತ್ರ ಬದಲಾಗುತ್ತದೆ.

- ಕ್ವಾಡ್ರಾಂಟಿಡ್, ಜನವರಿ 3-4. ಮೂಲ: 2003 ಇಎಚ್1. ಈಗ ಬಳಕೆಯಲ್ಲಿಲ್ಲದ ಹಳೆಯ ನಕ್ಷತ್ರಪುಂಜವೊಂದರ ಹೆಸರು ಇದಕ್ಕೆ ಉಳಿದಿದೆ.
- ಲೈರಿಡ್, ಏಪ್ರಿಲ್ 22. ಮೂಲ: ಥ್ಯಾಚರ್ ಧೂಮಕೇತು.
- ಈಟಾ ಅಕ್ವೇರಿಡ್, ಮೇ 5-6. ಮೂಲ: ಹ್ಯಾಲಿ ಧೂಮಕೇತು. ಕುಂಭ ರಾಶಿ.
- ಪರ್ಸೀಡ್, ಆಗಸ್ಟ್ 12-13. ಮೂಲ: ಸ್ವಿಫ್ಟ್-ಟಟಲ್. ಆಗಸ್ಟ್ 9ರ ನೂಲ ಹುಣ್ಣಿಮೆಗೆ ಮೂರೇ ದಿನ ಕಳೆದಿದ್ದರಿಂದ ಬೆಳದಿಂಗಳು ಹೆಚ್ಚಿನ ಉಲ್ಕೆಗಳನ್ನು ನುಂಗಿತು.
- ಓರಿಯಾನಿಡ್, ಅಕ್ಟೋಬರ್ 21. ಮೂಲ: ಮತ್ತೆ ಹ್ಯಾಲಿ. ದೀಪಾವಳಿ ಅಮಾವಾಸ್ಯೆಯ ಕತ್ತಲು ಇದಕ್ಕೆ ಒದಗಿತು.
- ಲಿಯೊನಿಡ್, ನವೆಂಬರ್ 17-18. ಮೂಲ: ಟೆಂಪಲ್-ಟಟಲ್. ಸಿಂಹ ರಾಶಿ. ನವೆಂಬರ್ 20 ಅಮಾವಾಸ್ಯೆ, ಹಾಗಾಗಿ ಇದಕ್ಕೂ ಕತ್ತಲು.
- ಜೆಮಿನಿಡ್, ಡಿಸೆಂಬರ್ 13-14. ಮೂಲ: 3200 ಫೇಥಾನ್ ಎಂಬ ಕ್ಷುದ್ರಗ್ರಹ. ಮಿಥುನ ರಾಶಿ. ಹೊಸ್ತಿಲ ಹುಣ್ಣಿಮೆ ಕಳೆದು ಹತ್ತು ದಿನವಾಗಿತ್ತು, ನಡುರಾತ್ರಿ ದಾಟುವವರೆಗೂ ಚಂದ್ರ ಮೂಡಲಿಲ್ಲ.

ಇವುಗಳಲ್ಲಿ ಎರಡು ಅಂಶ ಪರೀಕ್ಷೆಗೆ ಮುಖ್ಯ. ಹ್ಯಾಲಿ ಧೂಮಕೇತು ವರ್ಷಕ್ಕೆ ಎರಡು ಉಲ್ಕಾಪಾತ ಕೊಡುತ್ತದೆ, ಮೇ ಮತ್ತು ಅಕ್ಟೋಬರ್‌ಗಳಲ್ಲಿ. ಹ್ಯಾಲಿ ಮರಳುವುದು 2061ರಲ್ಲಿ, ಅದರ ದೂಳು ಮಾತ್ರ ಪ್ರತಿವರ್ಷ ಬರುತ್ತದೆ. ಎರಡನೆಯದು, ಜೆಮಿನಿಡ್‌ನ ಮೂಲ ಧೂಮಕೇತುವಲ್ಲ, ಕ್ಷುದ್ರಗ್ರಹ.

5. ಹೊರಗಿನಿಂದ ಬಂದ ಅತಿಥಿಗಳು

- 3ಐ/ಅಟ್ಲಾಸ್: 2025ರ ಜುಲೈ 1ರಂದು ಚಿಲಿಯಲ್ಲಿರುವ ಅಟ್ಲಾಸ್ ದೂರದರ್ಶಕದಿಂದ ಪತ್ತೆ. ಸೌರವ್ಯೂಹದ ಹೊರಗಿನಿಂದ ಬಂದದ್ದೆಂದು ಖಚಿತವಾದ ಮೂರನೆಯ ಕಾಯ. ಮೊದಲ ಎರಡು: ಔಮುವಾಮುವಾ (2017), ಬೊರಿಸೋವ್ (2019). ಸೂರ್ಯನಿಗೆ ಅತಿ ಸಮೀಪ ಬಂದದ್ದು ಅಕ್ಟೋಬರ್ ಕೊನೆಗೆ. ಡಿಸೆಂಬರ್ 19ರಂದು ಭೂಮಿಗೆ ಅತಿ ಸಮೀಪ, ಆಗಲೂ ದೂರ ಸುಮಾರು 27 ಕೋಟಿ ಕಿ.ಮೀ. ಬರಿಗಣ್ಣಿಗೆ ಕಾಣುವಷ್ಟು ಬೆಳಕು ಇದಕ್ಕಿರಲಿಲ್ಲ.
- ಲೆಮನ್ ಧೂಮಕೇತು: ಜನವರಿಯಲ್ಲಿ ಅರಿಜೋನಾದ ಮೌಂಟ್ ಲೆಮನ್ ಸಮೀಕ್ಷೆಯಲ್ಲಿ ಪತ್ತೆ. ಅಕ್ಟೋಬರ್ 21ರಂದು ಭೂಮಿಗೆ, ನವೆಂಬರ್ 8ರಂದು ಸೂರ್ಯನಿಗೆ ಅತಿ ಸಮೀಪ. ಇದು ನಮ್ಮ ಸೌರವ್ಯೂಹದ್ದೇ.
- 2024 ವೈಆರ್4: 2024ರ ಡಿಸೆಂಬರ್ 27ರಂದು ಪತ್ತೆಯಾದ ಕ್ಷುದ್ರಗ್ರಹ. 2032ರ ಡಿಸೆಂಬರ್ 22ರಂದು ಭೂಮಿಗೆ ಬಡಿಯುವ ಸಾಧ್ಯತೆ 2025ರ ಫೆಬ್ರವರಿಯಲ್ಲಿ ಶೇ 3.1ಕ್ಕೆ ಏರಿತ್ತು. ಮುಂದಿನ ವೀಕ್ಷಣೆಗಳಲ್ಲಿ ಕಕ್ಷೆ ನಿಖರವಾದಂತೆ ಅದು ಬಹುತೇಕ ಸೊನ್ನೆಗೆ ಇಳಿಯಿತು.

6. ಸೂರ್ಯ-ಭೂಮಿಯ ನಾಲ್ಕು ಮೂಲೆ (ಭಾರತೀಯ ಕಾಲಮಾನ)

- ಮಾರ್ಚ್ 20, ಮಧ್ಯಾಹ್ನ 2.31: ವಸಂತ ವಿಷುವ
- ಜೂನ್ 21, ಬೆಳಿಗ್ಗೆ 8.12: ಉತ್ತರಾರ್ಧಗೋಳಕ್ಕೆ ಅತಿ ದೀರ್ಘ ಹಗಲು
- ಸೆಪ್ಟೆಂಬರ್ 22, ರಾತ್ರಿ 11.49: ಶರದ್ ವಿಷುವ. ನವರಾತ್ರಿ ಆರಂಭವಾದದ್ದೂ ಅಂದೇ.
- ಡಿಸೆಂಬರ್ 21, ರಾತ್ರಿ 8.33: ಅತಿ ದೀರ್ಘ ರಾತ್ರಿ

ಭೂಮಿ ಸೂರ್ಯನಿಗೆ ಅತಿ ಸಮೀಪ: ಜನವರಿ 4, ಸುಮಾರು 14.71 ಕೋಟಿ ಕಿ.ಮೀ. ಅತಿ ದೂರ: ಜುಲೈ 4ರ ನಸುಕು, ಸುಮಾರು 15.21 ಕೋಟಿ ಕಿ.ಮೀ. ಅಂತರರಾಷ್ಟ್ರೀಯ ಕಾಲಮಾನದಲ್ಲಿ ಇನ್ನೂ ಜುಲೈ 3. ಸೂರ್ಯನಿಗೆ ಹತ್ತಿರವಿದ್ದಾಗ ನಮಗೆ ಚಳಿಗಾಲ, ಏಕೆಂದರೆ ಋತುಗಳಿಗೆ ಕಾರಣ ದೂರವಲ್ಲ, ಭೂಮಿಯ ಅಕ್ಷದ 23.5 ಡಿಗ್ರಿ ಓಲುವಿಕೆ.

ಉತ್ತರಾಯಣದ ಗೊಂದಲ: ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21ರ ಸುಮಾರಿಗೆ, ಮಕರ ಸಂಕ್ರಾಂತಿ ಬರುವುದು ಜನವರಿ 14ಕ್ಕೆ. ಭೂಮಿಯ ಅಕ್ಷ ಸುಮಾರು 26,000 ವರ್ಷಕ್ಕೊಮ್ಮೆ ಬುಗುರಿಯಂತೆ ಓಲಾಡುವುದರಿಂದ ಎರಡರ ನಡುವೆ ಈ ಅಂತರ ಬೆಳೆದಿದೆ. 72 ವರ್ಷಕ್ಕೆ ಸುಮಾರು 1 ಡಿಗ್ರಿ.

7. ಸಂಸ್ಥೆಗಳು, ತಾಣಗಳು

- ಭಾರತೀಯ ಖಭೌತ ಸಂಸ್ಥೆ: ಬೆಂಗಳೂರಿನ ಕೋರಮಂಗಲ. ಲಡಾಖ್‌ನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್ ದೂರದರ್ಶಕವನ್ನು ಈ ಸಂಸ್ಥೆ ಹೊಸಕೋಟೆಯಿಂದಲೇ ನಡೆಸುತ್ತದೆ.
- ಹಾನ್ಲೆ: ಭಾರತದ ಮೊದಲ ಕತ್ತಲಾಕಾಶ ರಕ್ಷಿತ ಪ್ರದೇಶ.
- ಕಾವಲೂರು (ತಮಿಳುನಾಡು): ವೈನು ಬಾಪು ವೀಕ್ಷಣಾಲಯ, 2.34 ಮೀಟರ್ ದೂರದರ್ಶಕ.
- ತಾರಾಲಯಗಳು: ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯ, ಮಂಗಳೂರು ಪಿಲಿಕುಳದ ಸ್ವಾಮಿ ವಿವೇಕಾನಂದ ತಾರಾಲಯ.
- ವೆರಾ ರೂಬಿನ್ ವೀಕ್ಷಣಾಲಯ, ಚಿಲಿ: ಮೊದಲ ಚಿತ್ರಗಳ ಬಿಡುಗಡೆ 2025ರ ಜೂನ್ 23. ಕ್ಯಾಮೆರಾ 3,200 ಮೆಗಾಪಿಕ್ಸೆಲ್.
- ಅಂತರರಾಷ್ಟ್ರೀಯ ಖಗೋಳ ಒಲಿಂಪಿಯಾಡ್ 2025: ಆಗಸ್ಟ್‌ನಲ್ಲಿ ಮುಂಬೈನಲ್ಲಿ ನಡೆಯಿತು.

8. ತಾಲೀಮಿಗೆ ಆರು ಪ್ರಶ್ನೆ

1. 2025ರ ನಾಲ್ಕು ಗ್ರಹಣಗಳಲ್ಲಿ ಭಾರತಕ್ಕೆ ಕಂಡದ್ದು ಯಾವುದು? ಉತ್ತರ: ಸೆಪ್ಟೆಂಬರ್ 7-8ರ ಚಂದ್ರಗ್ರಹಣ ಮಾತ್ರ.
2. 2025ರಲ್ಲಿ ವಿಯುತಿಗೆ ಬಾರದ ಹೊರಗ್ರಹ ಯಾವುದು? ಉತ್ತರ: ಗುರು.
3. ಕ್ಷುದ್ರಗ್ರಹದ ದೂಳಿನಿಂದ ಆಗುವ ಡಿಸೆಂಬರ್ ಉಲ್ಕಾಪಾತ? ಉತ್ತರ: ಜೆಮಿನಿಡ್.
4. ಶುಕ್ರ ನಡುರಾತ್ರಿ ನೆತ್ತಿಯ ಮೇಲೆ ಕಾಣಬಹುದೇ? ಉತ್ತರ: ಕರ್ನಾಟಕದಿಂದ ಇಲ್ಲ. ಸೂರ್ಯನಿಂದ ಸುಮಾರು 47 ಡಿಗ್ರಿಗಿಂತ ದೂರ ಅದು ಸರಿಯುವುದಿಲ್ಲ.
5. ಹೊರಗಿನಿಂದ ಬಂದ ಮೂರು ಕಾಯಗಳ ಸರಿಯಾದ ಅನುಕ್ರಮ? ಉತ್ತರ: ಔಮುವಾಮುವಾ, ಬೊರಿಸೋವ್, ಅಟ್ಲಾಸ್.
6. ಶನಿಯ ಬಳೆಗಳು ಮುಂದೆ ಅಂಚು ತೋರಿಸುವ ವರ್ಷ? ಉತ್ತರ: 2038.

9. ಇದೇ ಲೆಕ್ಕ 2026ಕ್ಕೆ

ಕಲಿತದ್ದು ನಿಂತಿದೆಯೇ ಎಂದು ನೋಡಲು ಮುಂದಿನ ವರ್ಷದ ಕ್ಯಾಲೆಂಡರ್ ತೆರೆಯಿರಿ. 2026ರ ಮಾರ್ಚ್ 3, ಮತ್ತೆ ಹೋಳಿ ಹುಣ್ಣಿಮೆ: ಖಗ್ರಾಸ ಚಂದ್ರಗ್ರಹಣ. ಪೂರ್ಣ ಹಂತ ಸಂಜೆ 5.33ಕ್ಕೇ ಮುಗಿಯುತ್ತದೆ, ದಟ್ಟ ನೆರಳಿನಿಂದ ಬಿಡುಗಡೆ 6.47ರ ಸುಮಾರಿಗೆ. ಕರ್ನಾಟಕದಲ್ಲಿ ಚಂದ್ರ ಮೂಡುವುದು ಸೂರ್ಯ ಮುಳುಗುವ ಹೊತ್ತಿಗೆ, ಹಾಗಾದರೆ ನಮ್ಮ ಪಾಲಿಗೆ ಗ್ರಹಣದ ಬಾಲ ಮಾತ್ರ. ಆಗಸ್ಟ್ 12, ಭೀಮನ ಅಮಾವಾಸ್ಯೆ: ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್, ಸ್ಪೇನ್‌ಗಳಲ್ಲಿ ಖಗ್ರಾಸ ಸೂರ್ಯಗ್ರಹಣ, ನಮಗೆ ಕಾಣದು. ಅದೇ ರಾತ್ರಿ ಪರ್ಸೀಡ್ ಉಲ್ಕಾಪಾತ. 2025ರಲ್ಲಿ ನೂಲ ಹುಣ್ಣಿಮೆಯ ಬೆಳದಿಂಗಳು ಕೆಡಿಸಿದ ಪರ್ಸೀಡ್‌ಗೆ ಈ ಸಲ ಅಮಾವಾಸ್ಯೆಯ ಕತ್ತಲು. ಮಳೆಮೋಡ ಸರಿದು ಆಕಾಶ ಬಿಟ್ಟರೆ ಆ ರಾತ್ರಿ ಪುಸ್ತಕ ಮುಚ್ಚಿ, ಊರ ದೀಪಗಳಿಂದ ದೂರ ಹೋಗಿ, ಚಾಪೆ ಹಾಸಿ ಈಶಾನ್ಯಕ್ಕೆ ಮುಖ ಮಾಡಿ ಮಲಗಿ. ಕಣ್ಣಾರೆ ಕಂಡ ಒಂದು ಉಲ್ಕೆ ಸಾಕು, ಸ್ವಿಫ್ಟ್-ಟಟಲ್ ಎಂಬ ಹೆಸರು ಪರೀಕ್ಷೆ ಮುಗಿದ ಮೇಲೂ ನಿಮ್ಮಲ್ಲಿ ಉಳಿಯುತ್ತದೆ.